ಹೊಲಿದು ಮುಚ್ಚಿದ ಅಧ್ಯಾಯ

ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಹುಡುಗಿಗೆ ಓದುವ ಚಟ. ಮೊನ್ನೆ ನನ್ನ ಕಪಾಟಿನಿಂದ ಒಂದು ಪುಸ್ತಕ ತೊಗೊಂಡು ಹೋದವಳು ಮಾರನೇ ದಿನವೇ ವಾಪಸ್ ತಂದಳು. "ಆಂಟೀ, ಇದು ಡಿಫೆಕ್ಟ್ ಪೀಸು. ಮಧ್ಯದಲ್ಲಿ ಒಂದಷ್ಟು ಹಾಳೆ ಸೇರಿಸಿ ಹೊಲಿದುಬಿಟ್ಟಿದಾರೆ. ಅಂಗಡಿಗೆ ತೋರಿಸಿದ್ರೆ ಬದಲಾಯಿಸಿಕೊಡ್ತಾರೆ" ಅಂದಳು. ಹೊಲಿಗೆ ನೋಡಿದರೇ ಗೊತ್ತಾಗಬೇಕಿತ್ತು ಅವಳಿಗೆ. ಯಾವ ಪ್ರೆಸ್ಸಿನವರು ಗೋಣಿ ದಾರದಲ್ಲಿ, ದಬ್ಬಳದ ತೂತು ಎದ್ದು ಕಾಣುವ ಹಾಗೆ, ರಾಗಿ ಮೂಟೆಯ ಬಾಯಿ ಹೊಲಿದಂತೆ ಪುಸ್ತಕ ಹೊಲೀತಾರೆ, ನೀವೇ ಹೇಳಿ?

"ಡಿಫೆಕ್ಟ್ ಅಲ್ಲಮ್ಮ, ಅದನ್ನ ಹೊಲಿದಿರೋದು ನಾವೇ" ಅಂದೆ.

ಹುಡುಗಿ ಬಾಗಿಲ ಕಡೆ ಒಂದು ಸಲ ನೋಡಿ ದನಿ ಇಳಿಸಿದಳು. "ಯಾಕಾಂಟೀ, ಅದ್ರಲ್ಲಿ ಏನಾದ್ರೂ ಕೆಟ್ಟದ್ದು ಇದ್ಯಾ?"

"ಇದೆ" ಅಂದೆ. ಅವಳ ಕಣ್ಣು ಅರಳಿತು. "ನೀನು ಅಂದ್ಕೊಂಡ ಥರದ ಕೆಟ್ಟದ್ದಲ್ಲ ತಾಯಿ" ಅಂದೆ. ಅರಳಿದ ಕಣ್ಣು ಮುದುಡಿಕೊಂಡಿತು.

ಪುಸ್ತಕ ಹರಿದು ಹಾಕುವವರನ್ನು ನೀವು ನೋಡಿರುತ್ತೀರಿ, ರದ್ದಿಗೆ ಹಾಕುವವರನ್ನಂತೂ ಮನೆಮನೆಯಲ್ಲೂ ನೋಡಿರುತ್ತೀರಿ. ಹೊಲಿಯುವವರನ್ನು ನೋಡಿರಲಾರಿರಿ. ಅದಕ್ಕೇ ಹೇಳ್ತೀನಿ ಕೇಳಿ. ಕ್ಷಮೆ ಕೇಳೋದಕ್ಕಲ್ಲ. ಮೊದಲೇ ಹೇಳಿಬಿಡ್ತೀನಿ, ಆ ದಾರ ಬಿಚ್ಚುವ ಉದ್ದೇಶ ನನಗೆ ಇವತ್ತಿಗೂ ಇಲ್ಲ.

ನಾವು ಕೋಲಾರದ ಕಡೆ ಸುಗಟೂರಿನವರು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹುಳ ಸಾಕುತ್ತಿದ್ದರು. ರೇಷ್ಮೆ ಹುಳ ಅಂತ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಪೇಟೆಯವರು ಗಾಬರಿಯಾಗ್ತಾರೆ. ಭಾನುವಾರ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ, ಹುಳಕ್ಕೆ ಹಾಕಿ, ಮೈಗೆ ಅಂಟಿದ ಆ ಹಸಿ ವಾಸನೆ ಸಮೇತ ಡೈರಿ ಸೆಕ್ರೆಟರಿ ಮನೆಗೆ ಓಡುತ್ತಿದ್ದೆವು. ಬೀದಿಗೆಲ್ಲ ಅದೊಂದೇ ಟೀವಿ. ಸೆಕ್ರೆಟರಿ ಹೆಂಡತಿ ಬಾಗಿಲಲ್ಲೇ ನಿಂತು "ಕಾಲು ತೊಳ್ಕೊಂಡು ಬನ್ರೇ, ಹುಳದ ಮನೆ ವಾಸ್ನೆ ಒಳಗೆ ತರಬೇಡಿ" ಅನ್ನುತ್ತಿದ್ದರು. ಕಾಲು ತೊಳೆದರೆ ವಾಸನೆ ಹೋಗುತ್ತೆ ಅಂತ ಅವರಿಗೆ ಯಾರು ಹೇಳಿದ್ದರೋ, ಅವರ ಸಮಾಧಾನಕ್ಕೆ ತೊಳೆಯುತ್ತಿದ್ದೆವು.

ಅಲ್ಲಿ ಬರುತ್ತಿದ್ದ ಸೀರಿಯಲ್ಲಿನ ಹೆಸರು 'ಏಳನೇ ನೌಕೆ'. ಆಕಾಶನೌಕೆಯ ಕತೆ. ನನಗೂ ವಿಜ್ಞಾನಕ್ಕೂ ಎಣ್ಣೆ ಸೀಗೇಕಾಯಿ, ಈಗಲೂ ಅಷ್ಟೇ. ಬೆಳಕಿನ ವೇಗ ಎಷ್ಟು ಅಂತ ಕೇಳಿದರೆ ಕರೆಂಟು ಇದ್ದಾಗಿನ ಲೆಕ್ಕವೋ ಇಲ್ಲದಾಗಿನದ್ದೋ ಅನ್ನುವವಳು ನಾನು. ಆದರೂ ಆ ನೌಕೆಯ ಒಂದೊಂದು ಬೋಲ್ಟೂ ನನಗೆ ಗೊತ್ತಿತ್ತು. ಕ್ಯಾಪ್ಟನ್ ಅಗಸ್ತ್ಯನ ಕೋಟು ಹಾಲಿನ ಕ್ಯಾನಿನಂತೆ ಹೊಳೆಯುತ್ತಿತ್ತು. ಗಣೇಶನ ಪೆಂಡಾಲಿನ ಬಣ್ಣದ ಬಲ್ಬುಗಳೇ ಕಂಟ್ರೋಲ್ ರೂಮಿನಲ್ಲೂ ಮಿಣಮಿಣ ಅನ್ನುತ್ತಿದ್ದವು. ಇಂಜಿನ್ ಅಂತ ತೋರಿಸುತ್ತಿದ್ದದ್ದು ಯಾವುದೋ ಡೈರಿಯ ಹಾಲು ತಣಿಸುವ ಟ್ಯಾಂಕು. ನಮ್ಮ ಸೆಕ್ರೆಟರಿ ಅದನ್ನು ಮೊದಲ ವಾರವೇ ಕಂಡುಹಿಡಿದು ಎಲ್ಲರಿಗೂ ಹೇಳಿ, ಮಕ್ಕಳಿಂದ ಬೈಸಿಕೊಂಡರು.

ಆ ಟ್ಯಾಂಕಿನ ಪಕ್ಕ ಸ್ಪ್ಯಾನರ್ ಹಿಡಿದು ನಿಂತಿರುತ್ತಿದ್ದವಳು ಚೌಡಕ್ಕ. ನೌಕೆಯ ಇಂಜಿನ್ ರೂಮು ಪೂರ್ತಿ ಅವಳದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲ್ ಸುತ್ತಿಕೊಂಡು, "ಏನ್ಲಾ ಕ್ಯಾಪ್ಟನ್ನೂ, ಆ ಗ್ರಹಕ್ಕೆ ಹೋಗ್ಲೇಬೇಕಾ? ಇಂಜಿನ್ನು ದಮ್ಮು ಕಟ್ಕೊಂಡು ಕೂತದೆ ಕಣೋ" ಅಂತಿದ್ದಳು. ಗುಂಡಿಗೆ ನಡುಗುವಂಥ ಸದ್ದು ಬಂದು ಎಲ್ಲರೂ ಕಂಗಾಲಾದಾಗ, "ಏಂ ಕಾದು, ನಾನಿದೀನಿ" ಅಂತ ಒಳಗೆ ನುಗ್ಗುತ್ತಿದ್ದಳು. ಏನೂ ಆಗಲ್ಲ ಅನ್ನೋದಕ್ಕೆ ನಮ್ಮ ಕಡೆ ತೆಲುಗು ಮಾತಾಡುವವರೂ, ಆಡದವರೂ ಹಾಗೇ ಅನ್ನೋದು. ಮಗು ಬಿದ್ದರೂ ಅದೇ, ಹಾಲು ಒಡೆದರೂ ಅದೇ.

ಅದು ಯಾವ ಕಾಲ ಅಂತ ನೆನಪು ಮಾಡಿಕೊಳ್ಳಿ. ಟೀವಿಯಲ್ಲಿ ನಮ್ಮ ಥರ ಮಾತಾಡುವವರು ಬರುತ್ತಿದ್ದದ್ದೇ ಕಾಫಿ ತಟ್ಟೆ ಹಿಡಿದುಕೊಂಡು. ಇಲ್ಲವೇ ಧಣಿಯ ಕೈಲಿ ಏಟು ತಿಂದು ಜನರನ್ನು ನಗಿಸೋದಕ್ಕೆ. ಅಂಥಾದ್ದರಲ್ಲಿ ಇವಳೊಬ್ಬಳು ಆಕಾಶಕ್ಕೆ ಹೋಗಿದ್ದಳು, ಅದೂ ಇವಳಿಲ್ಲದಿದ್ದರೆ ನೌಕೆ ಒಂದು ಮಾರು ಮುಂದಕ್ಕೆ ಹೋಗದು. ನನ್ನ ಸೋದರತ್ತೆ ಮಗಳು ನಾಗರತ್ನ ಮೊದಲ ದಿನವೇ ನನ್ನ ಲಂಗ ಜಗ್ಗಿ, "ವದಿನಾ, ಆಯಮ್ಮ ನಮ್ಮೂರೋಳಾ?" ಅಂತ ಕೇಳಿದಳು. ಸೋದರಮಾವನ ಮಗಳು ವಯಸ್ಸಿನಲ್ಲಿ ದೊಡ್ಡವಳಾದರೆ ನಮ್ಮ ಮನೆಗಳಲ್ಲಿ ವದಿನ ಅಂತಲೇ ಕರೆಯೋದು. ಹಿಂದೆ ಕೂತಿದ್ದ ನಮ್ಮಜ್ಜಿ, "ಮುಳಬಾಗಲ ಕಡೆಯೋಳು, ಎಳೆಯೋದು ಕೇಳಲ್ವಾ" ಅಂತ ತೀರ್ಮಾನ ಕೊಟ್ಟಿತು. ಮಾಲೂರಿನ ನಮ್ಮ ನೆಂಟರು ಅವಳು ಮಾಲೂರಿನವಳೇ ಅಂತ ವಾದಿಸುತ್ತಿದ್ದರು. ಶ್ರೀನಿವಾಸಪುರದವರಂತೂ ಅವಳ ತವರುಮನೆಯ ಮಾವಿನ ತೋಪು ಯಾವುದು ಅಂತಲೂ ಹೇಳಲು ತಯಾರಿದ್ದರು.

ಒಂದು ಭಾನುವಾರ ನೌಕೆ ಕಪ್ಪು ಮೋಡದಂಥದ್ದೊಂದರ ಒಳಗೆ ಹೊಕ್ಕಿತು. ಬಲ್ಬುಗಳೆಲ್ಲ ಆರಿದವು. ಇಂಜಿನ್ ರೂಮಿನಿಂದ ಚೌಡಕ್ಕನ ದನಿ ಮಾತ್ರ ಕೇಳಿಸಿತು. ಮುಂದಿನ ಭಾನುವಾರ ಕಾಲು ತೊಳೆದುಕೊಂಡು ಹೋಗಿ ಕೂತರೆ, ಅಲ್ಲಿ ಯಾರೋ ದ್ರಾಕ್ಷಿ ಬಳ್ಳಿಗೆ ಔಷಧಿ ಹೊಡೆಯೋದು ಹೇಗೆ ಅಂತ ಹೇಳಿಕೊಡುತ್ತಿದ್ದರು. ಅದರ ಮುಂದಿನ ವಾರವೂ ಅಷ್ಟೇ. ಸೀರಿಯಲ್ಲು ನಿಂತೇಹೋಯಿತು, ಯಾಕೆ ಅಂತ ಯಾರೂ ಹೇಳಲಿಲ್ಲ. ನನಗೆ ದ್ರಾಕ್ಷಿ ಕಂಡರೆ ಇವತ್ತಿಗೂ ಅಷ್ಟಕ್ಕಷ್ಟೇ.

ಮುಂದಿನ ಕತೆಯನ್ನು ನಾವೇ ನಡೆಸಿದೆವು. ಹುಳದ ಕೈಲಿ ಗೂಡು ಕಟ್ಟಿಸೋದಕ್ಕೆ ಸುರುಳಿ ಸುತ್ತಿದ ಬಿದಿರಿನ ತಟ್ಟಿ, ಚಂದ್ರಂಕಿ ಅಂತ ಇರುತ್ತಲ್ಲ, ಅದನ್ನು ಗೋಡೆಗೆ ಒರಗಿಸಿದರೆ ಅದೇ ನಮ್ಮ ನೌಕೆಯ ಚಕ್ರ. ನಾಗರತ್ನ ಟವೆಲ್ ಸುತ್ತಿಕೊಂಡು ಚೌಡಕ್ಕ ಆಗುತ್ತಿದ್ದಳು. ನಾನು ಯಾವಾಗಲೂ ಕ್ಯಾಪ್ಟನ್, ಯಾಕೆಂದರೆ ನನಗೆ ಕೆಲಸ ಮಾಡದೆ ಅಪ್ಪಣೆ ಕೊಡುವುದು ಆಗಲೂ ಚೆನ್ನಾಗಿ ಬರುತ್ತಿತ್ತು.

ಈ ನಾಗರತ್ನನ ಬಗ್ಗೆ ಸ್ವಲ್ಪ ಹೇಳಬೇಕು. ಹೈಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆ ಆದಮೇಲೆ ಮಕ್ಕಳ ಕೈಲಿ ಸುದ್ದಿ ಓದಿಸುತ್ತಿದ್ದರು. ಒಂದು ದಿನ ಇವಳು ಓದಿದಳು. ನಾಲಿಗೆ ಪೂರಾ ತೆಲುಗು, ಕೇಳೋಕಾಗಲ್ಲ ಅಂತ ಅವತ್ತೇ ಇಳಿಸಿದರು. ಎಲ್ಲರ ಮುಂದೆ. ಆಮೇಲೆ ವರ್ಷಗಟ್ಟಲೆ ಇವಳು ಹೊಸಬರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ವೇಮಗಲ್ಲಿನ ವೈರಿಂಗ್ ಫ್ಯಾಕ್ಟರಿಯಲ್ಲಿ ನಾನು ಸ್ಟೋರ್ಸಿಗೆ ಸೇರಿ, ಇವಳನ್ನು ಕ್ಯಾಂಟೀನಿಗೆ ಸೇರಿಸಿದಾಗಲೂ ಕೈ ಸನ್ನೆಯಲ್ಲೇ ಸಾರು ಬಡಿಸುತ್ತಿದ್ದಳು.

ನಮ್ಮ ಕ್ಯಾಂಟೀನು ಚಿಕ್ಕದು. ಎಲ್ಲರೂ ಒಟ್ಟಿಗೆ ನುಗ್ಗಿದರೆ ಹಿಡಿಸಲ್ಲ ಅಂತ ಒಂದೊಂದೇ ಲೈನಿನವರನ್ನು ಮೈಕಿನಲ್ಲಿ ಕರೆಯೋದು. ಒಂದು ಸಲ ಕರೆಯುವಾತ ರಜ ಹಾಕಿದ್ದ, ಯಾರೂ ಇರಲಿಲ್ಲ, ಮೈಕು ನಾಗರತ್ನನ ಕೈಗೆ ಬಂತು. "ಏನ್ರಪ್ಪಾ ಎ ಲೈನು, ಕೈ ತೊಳ್ಕೊಂಡು ಬನ್ರಿ. ಇವತ್ತು ಹುರುಳಿಕಾಳು ಬಸ್ಸಾರು. ಬಿ ಲೈನೋರು ಆಮೇಲೆ, ನುಗ್ಗಾಡಬೇಡಿ, ಏಂ ಕಾದು, ಎಲ್ಲರಿಗೂ ಸಿಗ್ತದೆ" ಅಂದಳು ನೋಡಿ, ಕೆಲಸದ ಹಾಲ್ ಪೂರ್ತಿ ನಗುತ್ತಾ ಎದ್ದಿತು. ಅದು ಕೆಣಕುವ ನಗುವಲ್ಲ, ಮನೆಯಲ್ಲಿ ಅಮ್ಮ ಕರೆದಾಗಿನ ನಗು. ಅವತ್ತಿಂದ ಆ ಮೈಕು ಅವಳದ್ದೇ ಆಯಿತು. ಅವಳಿಗೆ ಅದರಿಂದ ಸಂಬಳ ಹೆಚ್ಚಾಗಲಿಲ್ಲ, ಹೆಗಲು ನೆಟ್ಟಗಾಯಿತು ಅಷ್ಟೇ. ನನ್ನ ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ಸುದ್ದಿ ಬಂತು: 'ಏಳನೇ ನೌಕೆ'ಯ ಮುಂದಿನ ಕತೆ ಕಾದಂಬರಿಯಾಗಿ ಬರುತ್ತಿದೆಯಂತೆ! ಬರೆದವರು ಸೀರಿಯಲ್ಲಿನವರಲ್ಲ, ನಮ್ಮ ಹಾಗೇ ಅದನ್ನು ನೋಡಿ ಬೆಳೆದ ಒಬ್ಬ ಕಾದಂಬರಿಕಾರರು, ಹಕ್ಕು ಪಡೆದು ಬರೆದಿದ್ದರು. ಅಭಿಮಾನಿಗಳ ವಾಟ್ಸಾಪ್ ಗುಂಪು ಹುಟ್ಟಿಕೊಂಡಿತು. ಎಲ್ಲಿದ್ದರೋ ಈ ಜನ ಇಷ್ಟು ವರ್ಷ! ನಡುವಯಸ್ಸಿನ ಗಂಡಸರು, ಹೆಂಗಸರು, ಮೊಮ್ಮಕ್ಕಳಿರುವವರು, ಎಲ್ಲರೂ ಬೆಳಗಾಗುತ್ತಲೇ ಕಪ್ಪು ಮೋಡದ ಆಚೆ ಏನಿದೆ ಅಂತ ಜಗಳ ಆಡುವವರೇ. ನಾನಂತೂ ಪುಸ್ತಕ ಕೈಗೆ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚೋದೊಂದು ಬಾಕಿ.

ಓದೋದಕ್ಕೆ ಮನೆಯಲ್ಲಿ ಪುರುಸೊತ್ತೆಲ್ಲಿ? ಕಂಪನಿ ಬಸ್ಸಿನಲ್ಲೇ ಓದಲು ಶುರು ಮಾಡಿದೆ. ಪಕ್ಕದಲ್ಲಿ ಕೂತ ನಾಗರತ್ನ "ಒಬ್ಬಳೇ ನುಂಗಬೇಡ ವದಿನಾ, ಗಟ್ಟಿಯಾಗಿ ಓದು" ಅಂದಳು. ಹಿಂದಿನ ಸೀಟಿನ ಕ್ಯಾಲನೂರಿನ ಹುಡುಗಿಯರು ಕಿವಿಯ ವೈರು ಕಿತ್ತು ಮುಂದಕ್ಕೆ ಬಗ್ಗಿದರು. ಡ್ರೈವರ್ ಮುನ್ವೆಂಕಟಪ್ಪಣ್ಣ ಹಾಡು ನಿಲ್ಲಿಸಿದರು. ಬಸ್ಸಿಗೆ ಬಸ್ಸೇ ಊಂ ಕೊಡಲು ಶುರು ಮಾಡಿತು.

ಊಂ ಕೊಡೋದು ಗೊತ್ತಲ್ಲ ನಿಮಗೆ? ನಮ್ಮಜ್ಜಿ ಕತೆ ಹೇಳುವಾಗ ನಾವು ಪ್ರತಿ ಮಾತಿಗೂ ಊಂ ಅನ್ನಬೇಕಿತ್ತು. ಮಲಗಿಬಿಟ್ಟರೆ ಊಂ ನಿಲ್ಲುತ್ತಿತ್ತು, ಅಜ್ಜಿ ಅಲ್ಲಿಗೇ ಕತೆ ನಿಲ್ಲಿಸಿಬಿಡುತ್ತಿತ್ತು. ಮಾರನೇ ದಿನ ಕೊನೆಯ ಊಂ ಎಲ್ಲಿ ಬಿದ್ದಿತ್ತೋ ಅಲ್ಲಿಂದಲೇ ಮತ್ತೆ ಶುರು. "ಅದರಾಚೆಗೂ ಹೇಳ್ದೆ ಅಲ್ವಾ ಅಜ್ಜೀ" ಅಂದರೆ, "ಯಾರೂ ಊಂ ಅನ್ನಲಿಲ್ಲ, ಅದು ನಡೀಲಿಲ್ಲ" ಅನ್ನುತ್ತಿತ್ತು. ನಮ್ಮಜ್ಜಿಯ ರಾಜಕುಮಾರರು ನಮ್ಮ ನಿದ್ದೆಯಿಂದಾಗಿ ಎಷ್ಟು ಸಲ ಸತ್ತು ಎಷ್ಟು ಸಲ ಬದುಕಿದರೋ ದೇವರಿಗೇ ಗೊತ್ತು.

ಮೊದಲ ಎಂಟು ಅಧ್ಯಾಯ ಬಸ್ಸು ಜೋರಾಗಿ ಊಂ ಅಂದಿತು. ಕಾದಂಬರಿಕಾರರು ಒಳ್ಳೆಯ ಕೈಯವರೇ, ಸುಳ್ಳು ಹೇಳಬಾರದು. ಕಪ್ಪು ಮೋಡ ಸರಿಯಿತು, ಹೊಸ ಹಡಗೊಂದು ನೆರವಿಗೆ ಬಂತು, ಅಗಸ್ತ್ಯ ಬದುಕಿದ್ದ. ನಾಗರತ್ನ ಮಾತ್ರ "ಆಯಮ್ಮ ಎಲ್ಲಿ, ಆಯಮ್ಮ ಎಲ್ಲಿ" ಅನ್ನುತ್ತಲೇ ಇದ್ದಳು.

ಒಂಬತ್ತನೇ ಅಧ್ಯಾಯದಲ್ಲಿ ಆಯಮ್ಮ ಸಿಕ್ಕಳು. ಇಂಜಿನ್ ರೂಮಿನಲ್ಲಿ ಬಿದ್ದಿದ್ದಳು. ಹೊಸ ಹಡಗಿನ ತಜ್ಞರು ಬಂದು ಅವಳ ಬೆನ್ನಿನ ಮುಚ್ಚಳ ತೆರೆದರು. ಮುಚ್ಚಳ! ಚೌಡಕ್ಕ ಮನುಷ್ಯಳಲ್ಲವಂತೆ, ಯಂತ್ರವಂತೆ. ಹೋಗಲಿ, ಯಂತ್ರವೇ ಇರಲಿ, ಅದನ್ನೂ ನಾವು ನುಂಗಿಕೊಳ್ಳುತ್ತಿದ್ದೆವು. ಆದರೆ ಅವಳು ಇಷ್ಟು ದಿನ ಹಾಗೆ ಮಾತಾಡುತ್ತಿದ್ದದ್ದು ಭಾಷಾ ಘಟಕ ಸುಟ್ಟುಹೋಗಿದ್ದರಿಂದಂತೆ. ತಜ್ಞರು ಹೊಸ ಘಟಕ ಕೂರಿಸಿದರು. ಚೌಡಕ್ಕ ಕಣ್ಣು ಬಿಟ್ಟು ಹೇಳಿದ ಮಾತನ್ನು ನಾನು ಗಟ್ಟಿಯಾಗಿ ಓದಿದೆ: "ಈವರೆಗೆ ನನ್ನ ದೋಷಪೂರಿತ ಉಚ್ಚಾರಣೆಯಿಂದ ತಮಗೆಲ್ಲ ಉಂಟಾದ ಅನನುಕೂಲಕ್ಕಾಗಿ ವಿಷಾದಿಸುತ್ತೇನೆ, ಎಂದಿತು ಯಂತ್ರ."

ಎಂದಿತು. ಅಕ್ಕ ಆಗಿದ್ದವಳು ಒಂದೇ ಹಾಳೆಯಲ್ಲಿ ಅದು ಆಗಿದ್ದಳು.

ಬಸ್ಸಿನಲ್ಲಿ ಊಂ ಇಲ್ಲ. ಮುನ್ವೆಂಕಟಪ್ಪಣ್ಣ ಕನ್ನಡಿಯಲ್ಲಿ ನೋಡಿ, "ಹಾಳೆ ಏನಾದ್ರೂ ತಪ್ಪಿ ತಿರುಗಿಸಿದ್ಯಾ ನೋಡಮ್ಮಾ" ಅಂದರು. ತಪ್ಪಿರಲಿಲ್ಲ. ನಾಗರತ್ನ ಕಿಟಕಿ ಕಡೆ ತಿರುಗಿ ಕೂತುಬಿಟ್ಟಳು.

ಅವಳು ಯಾಕೆ ಹಾಗೆ ಕೂತಳು ಅನ್ನೋದು ಆ ಬಸ್ಸಿನಲ್ಲಿ ನನಗೊಬ್ಬಳಿಗೇ ಪೂರ್ತಿ ಗೊತ್ತಿದ್ದದ್ದು. ಸರಿಯಾಗಿ ಅದೇ ದಿನಗಳಲ್ಲಿ ನಮ್ಮ ಅಡ್ಮಿನ್ನಿಗೆ ಹೊಸ ಆಫೀಸರು ಬಂದಿದ್ದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಎಲ್ಲರಿಗೂ ಮೇಡಂ ಮೇಡಂ ಅನ್ನುವವರು. ಹೊರಗಿನ ದೊಡ್ಡ ಗಿರಾಕಿಗಳು ಫ್ಯಾಕ್ಟರಿ ನೋಡಲು ಬರುವವರಿದ್ದರು. ಅವರ ಕಿವಿಗೆ ಬಸ್ಸಾರು, ನುಗ್ಗಾಡಬೇಡಿ ಎಲ್ಲ ಬೀಳೋದು ಇವರಿಗೆ ಸರಿ ಕಾಣಲಿಲ್ಲ. ನಾಗರತ್ನನನ್ನು ಕರೆದು ಒಂದು ಹಾಳೆ ಕೊಟ್ಟಿದ್ದರು. "ಗೌರವಾನ್ವಿತ ಸಿಬ್ಬಂದಿ ವರ್ಗದ ಗಮನಕ್ಕೆ. ಎ ಶ್ರೇಣಿಯವರು ಭೋಜನ ಸ್ವೀಕರಿಸಲು ಆಗಮಿಸಬೇಕಾಗಿ ವಿನಂತಿ." ಇದನ್ನು ಸ್ಪಷ್ಟವಾಗಿ ಹೇಳಲು ಕಲಿತರೆ ಮೈಕು ನಿಮ್ಮದೇ ಮೇಡಂ, ಕಷ್ಟ ಅನ್ನಿಸಿದರೆ ಹೇಳಿ, ರೆಕಾರ್ಡ್ ಮಾಡಿದ ವಾಯ್ಸ್ ತರಿಸಿ ಹಾಕಿಬಿಡ್ತೀವಿ, ಏನೂ ಬೇಜಾರಿಲ್ಲ ಅಂದಿದ್ದರು. ಬೇಜಾರಿಲ್ಲವಂತೆ. ಯಾರಿಗೆ?

ಪಾಪ, ನಾಗರತ್ನ ಕಲಿಯಲು ಹೊರಟಳು. ಪಾತ್ರೆ ತಿಕ್ಕುವಾಗ ಭೋಜನ, ಬಟ್ಟೆ ಒಗೆಯುವಾಗ ಆಗಮಿಸಬೇಕಾಗಿ. ಒಂದು ರಾತ್ರಿ ಊಟಕ್ಕೆ ಕೂತಾಗ ಹೆತ್ತ ತಾಯಿಗೆ, "ಅಮ್ಮಾ, ತಾವು ಇನ್ನೂ ಒಂದು ಮುದ್ದೆ ಸ್ವೀಕರಿಸುತ್ತೀರಾ?" ಅಂದಳಂತೆ. ನಮ್ಮತ್ತೆ ತಟ್ಟೆ ಬಿಟ್ಟು ಎದ್ದು, ಮಗಳಿಗೆ ಗಾಳಿ ಸೋಕಿದೆ ಅಂತ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿತು. ನಾನು ಕೇಳಿ ನಕ್ಕೆ. ನಾಗರತ್ನನೂ ನಕ್ಕಳು, ಆದರೆ ಕಲಿಯೋದು ಬಿಡಲಿಲ್ಲ. ಮೈಕು ಹೋದರೆ ತಾನು ಮತ್ತೆ ಸನ್ನೆ ಮಾಡಿ ಬಡಿಸುವವಳಾಗುತ್ತೀನಿ ಅಂತ ಅವಳಿಗೆ ಹೆದರಿಕೆಯಿತ್ತು.

ಅಂಥ ಹೊತ್ತಿನಲ್ಲಿ ನಾನು ಒಂಬತ್ತನೇ ಅಧ್ಯಾಯ ಓದಿದ್ದೆ.

ಆ ಭಾನುವಾರ ಅತ್ತೆ ಮನೆಗೆ ಹೋದೆ. ಅತ್ತೆ ಅಂಗಳದಲ್ಲಿ ರಾಗಿ ಮೂಟೆ ಹೊಲಿಯುತ್ತಿತ್ತು. ನಾಗರತ್ನ ನನ್ನ ಚೀಲದಿಂದ ಪುಸ್ತಕ ತೆಗೆದು, ಆ ಹಾಳೆ ಹುಡುಕಿ, ಮತ್ತೆ ಒಂದು ಸಲ ಮನಸ್ಸಿನಲ್ಲೇ ಓದಿದಳು. ಆಮೇಲೆ ನನ್ನನ್ನು ಕೇಳಿದಳು: "ವದಿನಾ, ಅವತ್ತು ಬಸ್ಸಲ್ಲಿ ಇದಕ್ಕೆ ಯಾರಾದ್ರೂ ಊಂ ಅಂದ್ರಾ?"

"ಇಲ್ಲ" ಅಂದೆ.

"ಹಂಗಾದ್ರೆ ನಡೀಲಿಲ್ಲ" ಅಂದಳು.

"ಬರೆದಿದಾರಲ್ಲೇ, ಅಚ್ಚಾಗಿದೆ."

"ಅವರು ಬರೆದ್ರು. ನಾವು ಕೇಳಿಸ್ಕೊಳ್ಳಲಿಲ್ಲ. ಅಷ್ಟೇ ಕಣೇ."

ಅಂದವಳೇ ತಾಯಿಯ ಕೈಯಿಂದ ದಬ್ಬಳ ಕಿತ್ತುಕೊಂಡು, ಆ ಅಧ್ಯಾಯದ ಮೊದಲ ಹಾಳೆಗೂ ಕೊನೆಯ ಹಾಳೆಗೂ ಸೇರಿಸಿ ಚುಚ್ಚಿದಳು. ನಾನು ಪುಸ್ತಕಕ್ಕೆ ಕೊಟ್ಟ ದುಡ್ಡು ನೆನೆದು ಅಯ್ಯೋ ಅಂದೆ. ಅಂದು, ದಾರದ ಇನ್ನೊಂದು ತುದಿಯನ್ನು ನಾನೇ ಹಿಡಿದುಕೊಂಡೆ. ಅತ್ತೆಗೆ ಸೀರಿಯಲ್ಲೂ ಗೊತ್ತಿಲ್ಲ, ಕಾದಂಬರಿಯೂ ಗೊತ್ತಿಲ್ಲ. ಏನು ಅಂತ ಕೇಳಿ ತಿಳಿದುಕೊಂಡು, "ಗಂಟು ಸರಿಯಾಗಿ ಹಾಕ್ರೇ, ಬಿಚ್ಚಿಕೊಳ್ತದೆ" ಅಂತ ಮಾತ್ರ ಹೇಳಿತು.

ಹೊಲಿದ ಪುಸ್ತಕದ ಫೋಟೋ ತೆಗೆದು ನಾನು ಗುಂಪಿಗೆ ಹಾಕಿದೆ ನೋಡಿ, ಅಲ್ಲಿ ಹತ್ತಿಕೊಂಡಿತು ಬೆಂಕಿ. ಬೇರೆ ಕಡೆಯ ಅಭಿಮಾನಿಗಳಿಗೆ ನಮ್ಮ ಸಂಕಟವೇ ಅರ್ಥವಾಗಲಿಲ್ಲ. ಒಬ್ಬರು, ಆ ಪಾತ್ರದ ಭಾಷೆ ಚಿಕ್ಕಂದಿನಿಂದ ನನ್ನ ತಲೆ ತಿನ್ನುತ್ತಿತ್ತು, ಲೇಖಕರು ಕೊನೆಗೂ ವೈಜ್ಞಾನಿಕ ಕಾರಣ ಕೊಟ್ಟಿದ್ದಾರೆ ಅಂತ ಕೈ ಮುಗಿದರು. ಇನ್ನೊಬ್ಬರು, ಪುಸ್ತಕ ವಿರೂಪ ಮಾಡುವುದು ಸರಸ್ವತಿಗೆ ಅವಮಾನ ಅಂದರು. ಮತ್ತೊಬ್ಬರು, ಯಂತ್ರ ಅಂದರೆ ಕೋಲಾರದವರಿಗೆ ಯಾಕಿಷ್ಟು ಉರಿ ಅಂತ ನಗುವ ಮುಖ ಹಾಕಿದರು. ನಾನು ಬರೆದೆ: "ಸ್ವಾಮೀ, ಯಂತ್ರ ಅಂದಿದ್ದಕ್ಕಲ್ಲ ಉರಿ. ನೀವು ನಮ್ಮ ತಾಯಿ ಮಾತಾಡೋ ಮಾತನ್ನ ಸುಟ್ಟುಹೋದ ವೈರು ಅಂದ್ರಿ, ಅದಕ್ಕೆ." ಆಮೇಲೆ ನಮ್ಮ ಕಡೆಯ ತಾಲ್ಲೂಕುಗಳವರು ಒಬ್ಬೊಬ್ಬರಾಗಿ ಎದ್ದರು. ಮಾಲೂರಿನ ಹೆಂಚಿನ ಫ್ಯಾಕ್ಟರಿಯವರೊಬ್ಬರು ತಾವು ಹೊಲಿದ ಪುಸ್ತಕದ ಫೋಟೋ ಹಾಕಿದರು. ಶ್ರೀನಿವಾಸಪುರದ ಮಾವಿನ ಮಂಡಿಯವರು ಹಣ್ಣಿನ ಪೆಟ್ಟಿಗೆಗೆ ಹೊಡೆಯುವ ಮೊಳೆ ಹೊಡೆದಿದ್ದರು, ಆ ಪುಸ್ತಕದ ಮಿಕ್ಕ ಅಧ್ಯಾಯಗಳ ಗತಿ ಏನಾಯಿತೋ ಕಾಣೆ. ಮುಳಬಾಗಿಲಿನ ಮೇಷ್ಟ್ರೊಬ್ಬರು ಬರೀ ಸ್ಟೇಪ್ಲರ್ ಒತ್ತಿದ್ದರು. ಮೇಷ್ಟ್ರು ಅಲ್ಲವೇ, ಬೇಕಾದರೆ ತೆಗೆಯೋಣ ಅಂತ ಇರಬೇಕು ಅಂತ ನಾವು ಆಡಿಕೊಂಡೆವು. ಅವರಿಗೆ ಸಿಟ್ಟು ಬಂದು ಮಾರನೇ ದಿನ ದಬ್ಬಳದಲ್ಲೇ ಹೊಲಿದು ಹಾಕಿದರು.

ಕಾದಂಬರಿಕಾರರು ಫೋನಿನಲ್ಲಿ ಲೈವ್ ಬಂದು ಓದುಗರ ಜೊತೆ ಮಾತಾಡುತ್ತಾರೆ ಅಂತ ಗೊತ್ತಾಯಿತು. ಕೇಳಿಯೇಬಿಡೋಣ ಅಂತ ಸೀರೆ ಬದಲಾಯಿಸಿ, ತಲೆ ಬಾಚಿ, ನಾಗರತ್ನನನ್ನು ಪಕ್ಕ ಕೂರಿಸಿಕೊಂಡು ಸಿದ್ಧಳಾದೆ. ಬೈಗುಳಗಳನ್ನೆಲ್ಲ ಜೋಡಿಸಿ ಇಟ್ಟುಕೊಂಡಿದ್ದೆ. ನನ್ನ ಸರದಿ ಬಂತು. ಅವರು ನಗುತ್ತಾ "ಹೇಳಿ ಮೇಡಂ" ಅಂದರು. ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ನಮಸ್ಕಾರ. ತಮ್ಮ ಕೃತಿಯನ್ನು ಆಸಕ್ತಿಯಿಂದ ಓದಿದೆ. ಒಂಬತ್ತನೆಯ ಅಧ್ಯಾಯಕ್ಕೆ ಸಂಬಂಧಿಸಿದಂತೆ ಒಂದು ಸಣ್ಣ ಆಕ್ಷೇಪಣೆಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ." ಪಕ್ಕದಲ್ಲಿ ನಾಗರತ್ನ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಯಾರು ಯಾವಾಗ ಬಂದು ನನ್ನ ಬೆನ್ನಿನ ಮುಚ್ಚಳ ತೆಗೆದು ಹೊಸ ಘಟಕ ಕೂರಿಸಿ ಹೋಗಿದ್ದರೋ!

ಆತ ಸಭ್ಯರು. ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ, ಎಲ್ಲ ಕಡೆಯ ಓದುಗರಿಗೂ ತಲುಪಬೇಕಲ್ಲ ಮೇಡಂ, ಆ ಭಾಷೆ ಕತೆಯ ಗಾಂಭೀರ್ಯಕ್ಕೆ ಸ್ವಲ್ಪ ಅಡ್ಡ ಬರುತ್ತಿತ್ತು ಅಂದರು. ಅಷ್ಟು ಕೇಳಿದ್ದೇ ನಾಗರತ್ನ ನನ್ನ ಕೈಯಿಂದ ಫೋನು ತೊಗೊಂಡಳು. ಹೊಸಬರ ಮುಂದೆ ಬಾಯಿ ಬಿಡದವಳು. "ಸಾರ್, ನಮಸ್ಕಾರ. ಆ ಮೋಡದೊಳಗೆ ಎಲ್ಲಾ ಬಲ್ಬೂ ಆರಿಹೋದಾಗ ನಿಮ್ಗೆ ಯಾರ ದನಿ ಕೇಳಿ ಧೈರ್ಯ ಬಂತು? ಚಿಕ್ಕವರಿದ್ರಲ್ಲ ನೀವೂನೂ. ಆವಾಗ ಅಡ್ಡ ಬಂತಾ?" ಅಂದಳು. ಅವರು ಒಳ್ಳೆಯ ಪ್ರಶ್ನೆ ಅಂದರು. ಒಳ್ಳೆಯ ಪ್ರಶ್ನೆ ಅಂದರೆ ಉತ್ತರ ಇಲ್ಲ ಅಂತ ಅರ್ಥ, ಅಷ್ಟು ನನಗೂ ಗೊತ್ತು. ಲೈನು ಮುಂದಿನವರಿಗೆ ಹೋಯಿತು.

ಮಾರನೇ ದಿನ ನಾಗರತ್ನ ಆ ಹಾಳೆಯನ್ನು ಆಫೀಸರ ಮೇಜಿನ ಮೇಲೆ ವಾಪಸ್ ಇಟ್ಟು ಬಂದಳು. "ನನಗೆ ಇದು ಬರಲ್ಲ ಸಾರ್. ಬರೋದು ಬೇಡ ಕೂಡ" ಅಂದಳಂತೆ. ಅವರು ಬೇಜಾರಿಲ್ಲ ಮೇಡಂ ಅಂದರಂತೆ. ಕ್ಯಾಂಟೀನಿಗೆ ಬಂದು ಮೈಕಿನ ವೈರು ಸುತ್ತಿ ಗೂಟಕ್ಕೆ ನೇತುಹಾಕಿದಳು. ಬಸ್ಸಿನಲ್ಲಿ ಅವತ್ತು ಗಟ್ಟಿಯಾಗಿಯೇ ಅತ್ತಳು, ನಾನು ಅವಳ ಬೆನ್ನು ಸವರುತ್ತಾ ಕೂತೆ. ಪುಸ್ತಕವಾದರೆ ಹೊಲಿಯಬಹುದು, ಸ್ಪೀಕರ್ ಪೆಟ್ಟಿಗೆ ಹೊಲಿಯೋದು ಹೇಗೆ?

ಆ ವಾರವೇ ರೆಕಾರ್ಡ್ ದನಿ ಬಂತು. ಗೋಡೆಯ ಸ್ಪೀಕರಿನಿಂದ ಮೊದಲು ಒಂದು ವೀಣೆಯ ಸದ್ದು. ಆಮೇಲೆ ಜೇನು ಸುರಿದಂಥ ಒಂದು ಹೆಂಗಸಿನ ದನಿ. "ಗೌರವಾನ್ವಿತ ಸಿಬ್ಬಂದಿ ವರ್ಗದ ಗಮನಕ್ಕೆ. ಎ ಶ್ರೇಣಿಯವರು ಭೋಜನ ಸ್ವೀಕರಿಸಲು ಆಗಮಿಸಬೇಕಾಗಿ ವಿನಂತಿ."

ಎ ಲೈನಿನಲ್ಲಿ ಒಬ್ಬರೂ ಏಳಲಿಲ್ಲ.

ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆಣೆ ಮಾಡಿ ಹೇಳ್ತೀನಿ. ಸ್ಟೋರ್ಸಿನ ಕಿಟಕಿಯಿಂದ ನಾನೇ ನೋಡುತ್ತಿದ್ದೆ. ಕ್ಯಾಲನೂರಿನ ಹುಡುಗಿಯರು ಎ ಲೈನಿನ ಮುಂದಿನ ಟೇಬಲ್ಲಿನವರು. ತಲೆ ಬಗ್ಗಿಸಿ ವೈರಿಗೆ ಕ್ಲಿಪ್ಪು ಹಾಕುತ್ತಲೇ ಇದ್ದರು. ವೀಣೆ ಮತ್ತೆ ನುಡಿಯಿತು, ಜೇನು ಮತ್ತೆ ಸುರಿಯಿತು. ಎ ಲೈನು ಹೋಗದೆ ಬಿ ಲೈನು ಹೋಗುವ ಹಾಗಿಲ್ಲ, ಬಿ ಹೋಗದೆ ಸಿ ಹೋಗುವ ಹಾಗಿಲ್ಲ. ಇಡೀ ಹಾಲ್ ಹಸಿದುಕೊಂಡು ಕೆಲಸ ಮಾಡುತ್ತಿತ್ತು. ಹೊಟ್ಟೆ ಗುರುಗುಟ್ಟುವುದು ನನ್ನದೇ ನನಗೆ ಕೇಳಿಸುತ್ತಿತ್ತು, ಆದರೂ ಜಾಗ ಬಿಟ್ಟು ಅಲುಗಾಡಲಿಲ್ಲ.

ಆಫೀಸರು ಓಡಿ ಬಂದರು. "ಏಳ್ರಪ್ಪಾ, ಊಟದ ಟೈಮು!"

"ಕರೀಲಿಲ್ವಲ್ಲ ಸಾರ್" ಅಂದಳು ಒಬ್ಬ ಹುಡುಗಿ, ಕೈಯಲ್ಲಿದ್ದ ಕ್ಲಿಪ್ಪಿನಿಂದ ಕಣ್ಣೆತ್ತದೆ.

"ಎರಡು ಸಲ ಕರೀತಲ್ಲ ಈಗ! ಕೇಳಿಸಲಿಲ್ವಾ?"

"ಯಾರು ಸಾರ್ ಕರೆದಿದ್ದು?"

ಆಫೀಸರು ಸ್ಪೀಕರ್ ಕಡೆ ನೋಡಿದರು. ಇಷ್ಟು ಜನರ ಕಡೆ ನೋಡಿದರು. ಕ್ಯಾಂಟೀನಿನ ಕಡೆಯಿಂದ ಸಾರಿನ ಒಗ್ಗರಣೆ ಘಮ ಬರುತ್ತಿತ್ತು, ಅವರೂ ಮನುಷ್ಯರೇ ಅಲ್ಲವೇ, ಅವರಿಗೂ ಹಸಿವಾಗಿತ್ತು. ಕ್ಯಾಂಟೀನಿಗೆ ಹೋದರು. ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಸ್ಪೀಕರ್ ಗರಗರ ಅಂದಿತು, ಯಾರೋ ಮೈಕನ್ನು ಎರಡು ಸಲ ಬೆರಳಿನಿಂದ ತಟ್ಟಿದರು. ಹಾಲಿನಲ್ಲಿ ಎಲ್ಲರ ಕೈಯೂ ನಿಂತಿತು.

"ಏನ್ರಪ್ಪಾ, ನಾನೇ ಕಣ್ರೀ, ನಾಗರತ್ನ. ನಂಗೇನೂ ರಿಪೇರಿ ಆಗಿಲ್ಲ. ಎ ಲೈನೋರು ಎದ್ದು ಬನ್ರಿ, ಸಾರು ಆರೋಗ್ತದೆ."